ಅಘನಾಶಿನಿ ಅಳಿವೆಯ ಜೌಗು ನೆಲ: ರಚನೆ, ಪರಿಸರ ಬದಲಾವಣೆ ಹಾಗೂ ಕರಾವಳಿಯ ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರ್ಪಡೆಯಾದ ವಿಷಯವನ್ನು ಕೇಂದ್ರ ಸರ್ಕಾರವು 2024ರ ಜನವರಿ 31ರಂದು ಪ್ರಕಟಿಸಿತು. ಇದರ ವಿಸ್ತೀರ್ಣ 4801 ಹೆಕ್ಟೇರ್. ಇದೇ ಸಂದರ್ಭದಲ್ಲಿ ರಾಜ್ಯದ ಮಾಗಡಿ ಕೆರೆ ಮತ್ತು ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶಗಳೂ ಪಟ್ಟಿಗೆ ಸೇರಿದವು. ಮಾಗಡಿ ಮತ್ತು ಅಂಕಸಮುದ್ರಗಳು ಕೆರೆಗಳು. ಅಘನಾಶಿನಿಯಾದರೋ ಸಮುದ್ರದ ಉಬ್ಬರವಿಳಿತಕ್ಕೆ ದಿನಕ್ಕೆರಡು ಬಾರಿ ಒಳಗಾಗುವ ನೆಲ. ಅದರ ಮೇಲೆ ಗದ್ದೆಗಳಿವೆ, ಉಪ್ಪಿನ ಆಗರಗಳಿವೆ, ಮನೆಗಳಿವೆ, ಸಾವಿರಾರು ಜನರ ಜೀವನೋಪಾಯವಿದೆ.

ಇಂತಹ ನೆಲದಲ್ಲಿ ಮನೆ ಕಟ್ಟಲು, ಒಡ್ಡು ದುರಸ್ತಿ ಮಾಡಲು, ಜಮೀನು ಎತ್ತರಿಸಲು ಅಥವಾ ಮೀನು ಸಾಕಲು ಅರ್ಜಿ ಸಲ್ಲಿಸುವವರಿಗೆ ಸಮುದ್ರ ಗದ್ದೆಗೆ ಬರುವುದೇ ಇಲ್ಲವಾದರೂ ಉಬ್ಬರ ರೇಖೆಯಿಂದ ಇರುವ ದೂರವನ್ನು ಕೇಳುವುದೇಕೆ ಎಂಬ ಸಂದೇಹ ಸಹಜವಾಗಿ ಮೂಡುತ್ತದೆ. ಉತ್ತರವು ನಿಯಮಗಳಲ್ಲಿ ಮಾತ್ರವಲ್ಲದೆ ಆ ನೆಲ ಹುಟ್ಟಿದ ಬಗೆಯಲ್ಲಿಯೂ ಇದೆ. ಈ ಲೇಖನವು ಅವೆರಡನ್ನೂ ವಿವರಿಸುವ ಉದ್ದೇಶ ಹೊಂದಿದೆ.

1. ಜೌಗು ನೆಲ ರೂಪುಗೊಳ್ಳುವ ಬಗೆ

ಉಬ್ಬರವಿಳಿತದ ಜೌಗು ನೆಲವು ನೀರು ತಂದು ಕಟ್ಟಿದ ನೆಲ. ಮಳೆಗಾಲದಲ್ಲಿ ನದಿಯು ಘಟ್ಟದ ಮೇಲಿನ ಮಣ್ಣನ್ನು ನುಣುಪಾದ ಕಣಗಳ ರೂಪದಲ್ಲಿ ಹೊತ್ತು ತರುತ್ತದೆ. ಸಿಹಿನೀರು ಉಪ್ಪುನೀರಿನೊಡನೆ ಬೆರೆಯುವ ಸ್ಥಳದಲ್ಲಿ ಈ ಕಣಗಳು ಒಂದಕ್ಕೊಂದು ಅಂಟಿ ಭಾರವಾಗುತ್ತವೆ. ಉಬ್ಬರ ಮತ್ತು ಇಳಿತಗಳ ನಡುವೆ ನೀರು ಕ್ಷಣಕಾಲ ನಿಶ್ಚಲವಾದಾಗ ಅವು ತಳಕ್ಕೆ ಇಳಿಯುತ್ತವೆ. ಹೀಗೆ ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ಹೂಳು ಕೂಡಿ ಕೆಸರು ಬಯಲು ಏಳುತ್ತದೆ.

ಬಯಲು ಸರಾಸರಿ ಸಮುದ್ರ ಮಟ್ಟವನ್ನು ಸಮೀಪಿಸಿದಾಗ ಉಪ್ಪನ್ನು ಸಹಿಸುವ ಸಸ್ಯಗಳು ನೆಲೆಯೂರುತ್ತವೆ. ಸಮಶೀತೋಷ್ಣ ದೇಶಗಳಲ್ಲಿ ಇವು ಬಹುಪಾಲು ಹುಲ್ಲುಗಳು. ನಮ್ಮ ಕರಾವಳಿಯಲ್ಲಿ ಕಾಂಡ್ಲಾ ಗಿಡಗಳು. ರೈಜೋಫೋರಾ ಜಾತಿಯ ಊರುಗೋಲಿನಂತಹ ಬೇರುಗಳೂ ಅವಿಸೇನಿಯಾ ಜಾತಿಯ ನೆಲದಿಂದ ಮೇಲೆದ್ದ ಉಸಿರಾಟದ ಬೇರುಗಳೂ ನೀರಿನ ವೇಗವನ್ನು ತಗ್ಗಿಸಿ ಇನ್ನಷ್ಟು ಹೂಳನ್ನು ಹಿಡಿದಿಡುತ್ತವೆ. ಸತ್ತ ಬೇರು ಮತ್ತು ಎಲೆಗಳು ಗಾಳಿಯಾಡದ ಕೆಸರಿನಲ್ಲಿ ನಿಧಾನವಾಗಿ ಕೊಳೆಯುವುದರಿಂದ ಅವೂ ನೆಲದ ಎತ್ತರಕ್ಕೆ ಸೇರುತ್ತವೆ.

ಈ ಬೆಳವಣಿಗೆಗೆ ತನ್ನದೇ ಆದ ಮಿತಿಯೂ ಇದೆ. ನೆಲ ಎತ್ತರವಾದಂತೆಲ್ಲ ಉಬ್ಬರವು ಅದನ್ನು ಮುಳುಗಿಸುವುದು ವಿರಳವಾಗುತ್ತದೆ. ಮುಳುಗುವುದು ಕಡಿಮೆಯಾದರೆ ಬೀಳುವ ಹೂಳೂ ಕಡಿಮೆಯಾಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ದೊಡ್ಡ ಉಬ್ಬರಗಳು ಮಾತ್ರ ತಲುಪುವ ಎತ್ತರದಲ್ಲಿ ನೆಲದ ಏರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಆದುದರಿಂದ ಜೌಗು ನೆಲದ ಎತ್ತರವು ಸಮುದ್ರ ಮಟ್ಟವನ್ನು ಹಿಂಬಾಲಿಸುತ್ತದೆ ಎಂದು ಹೇಳಬಹುದು.

2. ಸಮುದ್ರ ಮಟ್ಟ ಏರಿದಾಗ ಆಗುವುದೇನು

ಸಮುದ್ರ ಮಟ್ಟ ಏರಿದರೆ ಜೌಗು ನೆಲವು ತಕ್ಷಣವೇ ಮುಳುಗಿ ನಾಶವಾಗುವುದಿಲ್ಲ. ಹೆಚ್ಚು ಬಾರಿ ಮುಳುಗುವುದರಿಂದ ಹೆಚ್ಚು ಹೂಳು ಬೀಳುತ್ತದೆ, ನೆಲವೂ ಏರುತ್ತದೆ. ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಜಗತ್ತಿನ ಜೌಗು ನೆಲಗಳು ಉಳಿದುಬಂದಿರುವುದು ಈ ಗುಣದಿಂದಲೇ. ಆದರೆ ಸಮುದ್ರದ ಏರಿಕೆಯು ನೆಲದ ಏರಿಕೆಗಿಂತ ವೇಗವಾದಲ್ಲಿ ಗಿಡಗಳು ದೀರ್ಘಕಾಲ ನೀರಿನಲ್ಲಿ ನಿಂತು ದುರ್ಬಲವಾಗುತ್ತವೆ, ಬೇರುಗಳು ಸಾಯುತ್ತವೆ, ಹಿಡಿದಿಟ್ಟ ಕೆಸರು ಸಡಿಲವಾಗುತ್ತದೆ ಮತ್ತು ಜೌಗು ನೆಲವು ಮತ್ತೆ ತೆರೆದ ನೀರಾಗುತ್ತದೆ.

ಈ ವೇಗದ ಮಿತಿಯನ್ನು ಕುರಿತು ವಿಜ್ಞಾನಿಗಳು ಹಳೆಯ ಮಣ್ಣಿನ ಪದರಗಳನ್ನು ಪರಿಶೀಲಿಸಿದ್ದಾರೆ. 2020ರಲ್ಲಿ ‘ಸೈನ್ಸ್’ ನಿಯತಕಾಲಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸ್ಥಳೀಯ ಸಮುದ್ರ ಮಟ್ಟವು ವರ್ಷಕ್ಕೆ 6 ಮಿಲಿಮೀಟರಿಗಿಂತ ಹೆಚ್ಚು ವೇಗದಲ್ಲಿ ಏರಿದಾಗ ಕಾಂಡ್ಲಾ ಕಾಡುಗಳು ಅದರೊಡನೆ ಏರಲಾರದೆ ಹೋಗುವ ಸಂಭವ ಶೇಕಡಾ 90ಕ್ಕಿಂತ ಹೆಚ್ಚು. ವಿಶ್ವ ಹವಾಮಾನ ಸಂಸ್ಥೆಯ ಅಂಕಿಅಂಶಗಳಂತೆ ಜಾಗತಿಕ ಸರಾಸರಿ ಏರಿಕೆಯು 1993ರಿಂದ 2002ರ ದಶಕದಲ್ಲಿ ವರ್ಷಕ್ಕೆ 2.13 ಮಿಲಿಮೀಟರ್ ಇದ್ದುದು 2014ರಿಂದ 2023ರ ದಶಕದಲ್ಲಿ 4.77 ಮಿಲಿಮೀಟರಿಗೆ ತಲುಪಿತು. ಉತ್ತರ ಹಿಂದೂ ಮಹಾಸಾಗರದಲ್ಲಿ 1993ರಿಂದ 2017ರ ಅವಧಿಯ ಏರಿಕೆಯು ವರ್ಷಕ್ಕೆ 3.3 ಮಿಲಿಮೀಟರ್ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯು ತಿಳಿಸುತ್ತದೆ.

ಈ ಅಂಕಿಗಳನ್ನು ಒಟ್ಟಿಗೆ ನೋಡಿದಲ್ಲಿ, ನಮ್ಮ ಜೌಗು ನೆಲಗಳು ಮಿತಿಯನ್ನು ದಾಟಿಲ್ಲವಾದರೂ ಮಿತಿಯ ಕಡೆಗೆ ಸಾಗುತ್ತಿವೆ ಎಂಬುದು ಸ್ಪಷ್ಟ. ಹೀಗಿರುವಾಗ ಅವುಗಳಿಗೆ ತಾವಾಗಿಯೇ ಏರಲು ಬೇಕಾದ ಸಾಧನಗಳನ್ನು ಉಳಿಸಿಕೊಡುವುದು ಮುಖ್ಯವಾಗುತ್ತದೆ. ಆ ಸಾಧನಗಳು ಮೂರು: ಹೂಳು, ಋತುವಿಗೆ ತಕ್ಕ ಸಿಹಿನೀರು ಮತ್ತು ಹಿಂದೆ ಸರಿಯಲು ಜಾಗ.

3. ಅಘನಾಶಿನಿ ಮತ್ತು ನೆರೆಯ ನದಿಗಳು

ಅಘನಾಶಿನಿಯು ಶಿರಸಿ ಪರಿಸರದಲ್ಲಿ ಹುಟ್ಟಿ ಸುಮಾರು 120 ಕಿಲೋಮೀಟರ್ ಹರಿದು ತದಡಿಯ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಅಳಿವೆಯ ನೀರು ಬಹುಪಾಲು ಸಿಹಿಯಾಗುತ್ತದೆ; ಮಳೆ ನಿಂತ ಮೇಲೆ ಉಪ್ಪು ಕ್ರಮೇಣ ಏರಿ ಬೇಸಿಗೆಯಲ್ಲಿ ಸಮುದ್ರದ ನೀರಿನ ಮಟ್ಟವನ್ನು ಸಮೀಪಿಸುತ್ತದೆ. ಇಲ್ಲಿನ ಬೆಳಚು ಮುಂತಾದ ಚಿಪ್ಪುಜೀವಿಗಳ ಬದುಕು ಈ ಏರಿಳಿತಕ್ಕೆ ಹೊಂದಿಕೊಂಡಿದೆ. ಅವುಗಳನ್ನು ಆಯ್ದು ಮಾರುವ ಕುಟುಂಬಗಳ ಆದಾಯವೂ ಅದನ್ನೇ ಅವಲಂಬಿಸಿದೆ.

ದಕ್ಷಿಣಕ್ಕೆ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಯ ಸ್ಥಿತಿ ಬೇರೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ರಾಜ್ಯಕ್ಕೆ ಅಮೂಲ್ಯವಾದ ವಿದ್ಯುತ್ತನ್ನು ಒದಗಿಸಿದೆ. ಅದೇ ವೇಳೆ, ವಿದ್ಯುದಾಗಾರಗಳಿಂದ ವರ್ಷವಿಡೀ ಹೊರಬರುವ ನೀರಿನಿಂದ ಶರಾವತಿ ಅಳಿವೆಯ ಉಪ್ಪಿನಂಶವು ಬೇಸಿಗೆಯಲ್ಲಿಯೂ ಕಡಿಮೆ ಇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಜಿಲ್ಲೆಯ ಅಳಿವೆಗಳಲ್ಲಿ ನಡೆಸಿದ ಅಧ್ಯಯನಗಳು ಶರಾವತಿಯಲ್ಲಿ ತಿನ್ನಬಹುದಾದ ಚಿಪ್ಪುಜೀವಿಗಳು ಕ್ಷೀಣಿಸಿರುವುದನ್ನೂ ಅಘನಾಶಿನಿಯಲ್ಲಿ ಅವು ಸಮೃದ್ಧವಾಗಿ ಉಳಿದಿರುವುದನ್ನೂ ದಾಖಲಿಸಿವೆ. ಉತ್ತರದ ಕಾಳಿ ನದಿಗೂ 1987ರಲ್ಲಿ ಪೂರ್ಣಗೊಂಡ ಸೂಪಾ ಸೇರಿದಂತೆ ಹಲವು ಅಣೆಕಟ್ಟುಗಳಿವೆ. ಜಲಾಶಯಗಳು ನೀರನ್ನು ಕೆಳಗೆ ಬಿಡುತ್ತವೆಯಾದರೂ ಹೂಳಿನ ಹೆಚ್ಚಿನ ಭಾಗವನ್ನು ತಮ್ಮಲ್ಲಿಯೇ ಉಳಿಸಿಕೊಳ್ಳುತ್ತವೆ.

ಒಂದೇ ಜಿಲ್ಲೆಯ, ಒಂದೇ ಮಳೆಯ, ಒಂದೇ ಸಮುದ್ರದ ನದಿಗಳ ನಡುವಿನ ಈ ವ್ಯತ್ಯಾಸದಿಂದ ಒಂದು ವಿಷಯ ತಿಳಿಯುತ್ತದೆ. ಅಳಿವೆಯ ಭವಿಷ್ಯವು ಸಮುದ್ರದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಘಟ್ಟದ ಮೇಲೆ ನೀರಿಗೂ ಮಣ್ಣಿಗೂ ಏನಾಗುತ್ತದೆ ಎಂಬುದೂ ಅಷ್ಟೇ ಮುಖ್ಯ.

4. ಗಜನಿ ಭೂಮಿ: ಹಳೆಯ ಪದ್ಧತಿ ಮತ್ತು ಇಂದಿನ ಸಮಸ್ಯೆ

ಅಘನಾಶಿನಿ ತೀರದ ಜನರು ಜೌಗು ನೆಲಕ್ಕೆ ಮಣ್ಣಿನ ಒಡ್ಡು ಹಾಕಿ ಮಾಡಿಕೊಂಡ ಗದ್ದೆಗಳಿಗೆ ಗಜನಿ ಎಂದು ಹೆಸರು. ಮಳೆಗಾಲದ ಆರಂಭದಲ್ಲಿ ತೂಬಿನ ಬಾಗಿಲು ಮುಚ್ಚಿ ಉಪ್ಪುನೀರನ್ನು ತಡೆಯಲಾಗುತ್ತದೆ. ಮಳೆಯ ನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯಲಾಗುತ್ತದೆ. ಕೊಯ್ಲಿನ ನಂತರ ತೂಬು ತೆರೆದು ಉಬ್ಬರದ ನೀರನ್ನು ಒಳಬಿಡಲಾಗುತ್ತದೆ. ಉಳಿದ ಕೂಳೆ ಕೊಳೆತು ಮೀನು ಮತ್ತು ಸಿಗಡಿಗೆ ಆಹಾರವಾಗುತ್ತದೆ. ಭತ್ತಕ್ಕೆ ಗೊಬ್ಬರವಾಗಲಿ ಮೀನಿಗೆ ಮೇವಾಗಲಿ ಹೊರಗಿನಿಂದ ತರುವ ಅಗತ್ಯ ಬಹಳ ಕಡಿಮೆ.

ಮೇಲಿನ ಭಾಗಗಳಲ್ಲಿ ವಿವರಿಸಿದ ದೃಷ್ಟಿಯಿಂದ ನೋಡಿದರೆ ಈ ಪದ್ಧತಿಯ ಒಂದು ಗುಣ ಗಮನಾರ್ಹವಾಗಿದೆ. ವರ್ಷದ ಕೆಲವು ತಿಂಗಳು ನೆಲವು ಉಬ್ಬರಕ್ಕೆ ತೆರೆದಿರುವುದರಿಂದ, ಪ್ರಮಾಣ ಅಲ್ಪವಾದರೂ, ಹೂಳು ಗದ್ದೆಯೊಳಗೆ ಬರುವ ದಾರಿ ಮುಚ್ಚಿಹೋಗುವುದಿಲ್ಲ.

ಒಡ್ಡು ಶಾಶ್ವತವಾಗಿ ಮುಚ್ಚಿದಲ್ಲಿ ಏನಾಗಬಹುದು ಎಂಬುದಕ್ಕೆ ಬಂಗಾಳ ಕೊಲ್ಲಿಯ ಕಡೆಯ ಒಂದು ಉದಾಹರಣೆಯನ್ನು ನೋಡಬಹುದು. ಬಾಂಗ್ಲಾದೇಶದ ಖುಲ್ನಾ ಪ್ರದೇಶದಲ್ಲಿ 1960ರ ದಶಕದಿಂದ ದ್ವೀಪಗಳ ಸುತ್ತ ಎತ್ತರದ ಏರಿಗಳನ್ನು ಕಟ್ಟಿ ಗದ್ದೆಗಳನ್ನು ಉಪ್ಪುನೀರಿನಿಂದ ರಕ್ಷಿಸಲಾಯಿತು. ಬೆಳೆ ಹೆಚ್ಚಿತು. ಆದರೆ ಹೂಳು ಒಳಬರುವುದು ನಿಂತಿತು, ಒಣಗಿದ ಮಣ್ಣು ಕುಸಿಯಿತು. 2015ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಲ್ಲಿನ 32ನೆಯ ಪೋಲ್ಡರ್ ಎಂಬ ದ್ವೀಪದ ನೆಲವು ಪಕ್ಕದ ಸುಂದರಬನದ ನೆಲಕ್ಕಿಂತ 1ರಿಂದ 1.5 ಮೀಟರ್ ತಗ್ಗಿನಲ್ಲಿತ್ತು. 2009ರ ಐಲಾ ಚಂಡಮಾರುತದಲ್ಲಿ ಏರಿ ಒಡೆದು ದ್ವೀಪವು ಎರಡು ವರ್ಷಗಳವರೆಗೂ ಉಬ್ಬರಕ್ಕೆ ಸಿಲುಕಿತು. ಜನರ ಪಾಡು ಹೇಳತೀರದಂತಾಯಿತು. ಅದೇ ಅವಧಿಯಲ್ಲಿ ನೀರು ತಲುಪಿದ ಕಡೆ ದಶಕಗಳಲ್ಲಿ ಬೀಳಬೇಕಾಗಿದ್ದಷ್ಟು ಹೂಳು ಬಿದ್ದು ನೆಲ ಏರಿದುದನ್ನು ವಿಜ್ಞಾನಿಗಳು ಅಳೆದರು.

ಅಘನಾಶಿನಿಯು ಗಂಗೆಯಷ್ಟು ಹೂಳು ತರುವ ನದಿಯಲ್ಲ. ಆದ್ದರಿಂದ ಈ ಅಳತೆಗಳನ್ನು ನೇರವಾಗಿ ಇಲ್ಲಿಗೆ ಅನ್ವಯಿಸಲಾಗದು. ಆದರೆ ಕಾರಣ ಎರಡೂ ಕಡೆ ಒಂದೇ. ಉಬ್ಬರದಿಂದ ಪೂರ್ಣ ಬೇರ್ಪಟ್ಟ ಜೌಗು ನೆಲವು ಏರುವುದನ್ನು ನಿಲ್ಲಿಸುತ್ತದೆ, ಸಮುದ್ರವು ನಿಲ್ಲಿಸುವುದಿಲ್ಲ. ಹಾಗಾಗಿ ಖಾರ್‌ಲ್ಯಾಂಡ್ ಒಡ್ಡುಗಳ ಪ್ರಶ್ನೆಯನ್ನು ‘ಕಟ್ಟಬೇಕೆ, ಬೇಡವೆ’ ಎಂದು ನೋಡುವುದಕ್ಕಿಂತ, ಕಟ್ಟಿದ ಒಡ್ಡಿಗೆ ಕೆಲಸ ಮಾಡುವ ತೂಬು ಇದೆಯೆ, ಅದನ್ನು ಯಾರು ಯಾವಾಗ ತೆರೆಯುತ್ತಾರೆ ಎಂದು ನೋಡುವುದು ಹೆಚ್ಚು ಉಪಯುಕ್ತ.

ಇದರಲ್ಲಿ ರೈತರ ಕಷ್ಟವೂ ಅಡಗಿದೆ. ಗಜನಿಯ ಒಡ್ಡು ಹಲವು ಜಮೀನುಗಳಿಗೆ ಸಾಮಾನ್ಯವಾದುದು. 1980 ಮತ್ತು 1990ರ ದಶಕಗಳಲ್ಲಿ ಅನೇಕ ಗಜನಿಗಳು ಸಿಗಡಿ ಕೃಷಿಗೆ ಹೋದವು; 1990ರ ದಶಕದಲ್ಲಿ ಬಿಳಿಚುಕ್ಕೆ ರೋಗದಿಂದ ಆ ಉದ್ಯಮಕ್ಕೆ ಭಾರಿ ಪೆಟ್ಟು ಬಿದ್ದಿತು. ಕೂಲಿಯಾಳುಗಳ ಕೊರತೆಯೂ ಸೇರಿ ಹಲವೆಡೆ ಒಡ್ಡಿನ ವಾರ್ಷಿಕ ದುರಸ್ತಿ ತಪ್ಪಿತು. ಒಬ್ಬರ ಭಾಗದಲ್ಲಿ ಒಡೆದ ಒಡ್ಡು ಎಲ್ಲರ ಗದ್ದೆಗೂ ಉಪ್ಪುನೀರು ತರುತ್ತದೆ. ಪಾಳುಬಿದ್ದ ಗಜನಿಯಲ್ಲಿ ಕೆಲವೇ ವರ್ಷಗಳಲ್ಲಿ ಕಾಂಡ್ಲಾ ಬೆಳೆಯುತ್ತದೆ. ಅಳಿವೆಯ ದೃಷ್ಟಿಯಿಂದ ಅದು ಜೌಗು ನೆಲವು ತನ್ನ ಮೂಲ ಸ್ಥಿತಿಗೆ ಮರಳುವ ಪ್ರಕ್ರಿಯೆ. ಹಿಡುವಳಿದಾರರ ದೃಷ್ಟಿಯಿಂದ ಗದ್ದೆಯೊಂದರ ನಷ್ಟ. ಎರಡೂ ನಿಜ.

5. ಕಾನೂನಿನ ನೆಲೆ

ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆಯು 1991ರ ಫೆಬ್ರವರಿ 19ರಂದು ಹೊರಬಿದ್ದಿತು. ಅನಂತರ 2011ರ ಮತ್ತು 2019ರ ಅಧಿಸೂಚನೆಗಳು ಬಂದವು. 2019ರ ಜನವರಿ 18ರ ಅಧಿಸೂಚನೆಯಲ್ಲಿ ಜೌಗು ನೆಲಕ್ಕೆ ಸಂಬಂಧಿಸಿದ ಮುಖ್ಯಾಂಶಗಳು ಹೀಗಿವೆ.

ಅ) ಕಾಂಡ್ಲಾ ಕಾಡುಗಳು, ಉಪ್ಪು ಜೌಗುಗಳು ಮತ್ತು ಜೀವಿಗಳಿಂದ ಕೂಡಿದ ಕೆಸರು ಬಯಲುಗಳು ಒಂದು-ಎ ವರ್ಗದಲ್ಲಿ ಬರುತ್ತವೆ. ಇದು ಅತ್ಯಂತ ಕಟ್ಟುನಿಟ್ಟಾದ ವರ್ಗ. ಕಾಂಡ್ಲಾ ಪ್ರದೇಶವು 1000 ಚದರ ಮೀಟರಿಗಿಂತ ಹೆಚ್ಚಿದ್ದಲ್ಲಿ ಸುತ್ತಲೂ 50 ಮೀಟರಿನ ರಕ್ಷಣಾ ಪಟ್ಟಿಯನ್ನು ಬಿಡಬೇಕೆಂಬುದು ಸಾಮಾನ್ಯ ನಿಯಮ.

ಆ) ಉಬ್ಬರ ಮತ್ತು ಇಳಿತದ ರೇಖೆಗಳ ನಡುವಿನ ಪ್ರದೇಶವು ಒಂದು-ಬಿ ವರ್ಗ. ಇಲ್ಲಿ ಉಪ್ಪುನೀರು ನುಗ್ಗುವುದನ್ನು ತಡೆಯುವ ಹಾಗೂ ಸಿಹಿನೀರು ಮರುಪೂರಣದ ರಚನೆಗಳಿಗೆ, ಬಿಸಿಲಿನಲ್ಲಿ ಉಪ್ಪು ತೆಗೆಯುವ ಕಾರ್ಯಕ್ಕೆ ನಿಯಮಾನುಸಾರ ಅವಕಾಶವಿದೆ. ಸಾಣಿಕಟ್ಟಾದ ಉಪ್ಪಿನ ಆಗರಗಳಂತಹ ಹಳೆಯ ವೃತ್ತಿಗಳನ್ನು ಅಧಿಸೂಚನೆಯು ನಿಷೇಧಿಸುವುದಿಲ್ಲ.

ಇ) ಉಬ್ಬರವಿಳಿತದ ಪ್ರಭಾವವಿರುವ ನದಿ ಮತ್ತು ಕೋಡಿಗಳ ದಡದಲ್ಲಿ ಉಬ್ಬರ ರೇಖೆಯಿಂದ 50 ಮೀಟರ್ ಅಥವಾ ಆ ಜಲಮೂಲದ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಭೂಮಿಯು ವಲಯಕ್ಕೆ ಒಳಪಡುತ್ತದೆ. 2011ರ ಅಧಿಸೂಚನೆಯಲ್ಲಿ ಇದು 100 ಮೀಟರ್ ಇತ್ತು. ಒಣ ಋತುವಿನಲ್ಲಿ ನೀರಿನ ಉಪ್ಪಿನಂಶವು ಸಾವಿರಕ್ಕೆ 5 ಭಾಗವಿರುವ ಸ್ಥಳದವರೆಗೆ ಉಬ್ಬರದ ಪ್ರಭಾವವಿದೆ ಎಂದು ಪರಿಗಣಿಸಲಾಗುತ್ತದೆ.

ಈ) 1991ರ ಅಧಿಸೂಚನೆಗಿಂತ ಹಿಂದೆಯೇ ಕಟ್ಟಿದ ಒಡ್ಡು ಅಥವಾ ತೂಬು ಇರುವ ಕಡೆ ಉಬ್ಬರ ರೇಖೆಯನ್ನು ಆ ಒಡ್ಡಿಗೇ ಸೀಮಿತಗೊಳಿಸಲಾಗುತ್ತದೆ. ಆದರೆ ಉಪ್ಪುನೀರು ನುಗ್ಗಿ ಒಡ್ಡಿನ ಒಳಗೆ ಕಾಂಡ್ಲಾ ಬೆಳೆದಿದ್ದರೆ, ಅದರ ವಿಸ್ತೀರ್ಣ ಎಷ್ಟೇ ಇರಲಿ, ಆ ಭಾಗವು ಒಂದು-ಎ ವರ್ಗಕ್ಕೆ ಸೇರುತ್ತದೆ. ಅದನ್ನು ಅನ್ಯ ಉದ್ದೇಶಕ್ಕೆ ಪರಿವರ್ತಿಸುವಂತಿಲ್ಲ.

ಗಜನಿ ಹಿಡುವಳಿದಾರರಿಗೆ ಕೊನೆಯ ಅಂಶವು ಅತ್ಯಂತ ಮಹತ್ವದ್ದು. ಹಳೆಯ ಒಡ್ಡು ಸುಸ್ಥಿತಿಯಲ್ಲಿದ್ದರೆ ಗದ್ದೆಯು ಗದ್ದೆಯಾಗಿಯೇ ಉಳಿಯುತ್ತದೆ. ಒಡ್ಡು ಒಡೆದು ಕಾಂಡ್ಲಾ ನೆಲೆಯೂರಿದ ಮೇಲೆ ಪಹಣಿಯಲ್ಲಿ ಗದ್ದೆ ಎಂದೇ ಇದ್ದರೂ ವಲಯದ ವರ್ಗ ಬದಲಾಗಬಹುದು. ದುರಸ್ತಿಯನ್ನು ಸಕಾಲದಲ್ಲಿ, ಒಡ್ಡಿನ ಎಲ್ಲ ಹಿಡುವಳಿದಾರರೂ ಕೂಡಿ ಕೈಗೊಳ್ಳುವುದು ಎಲ್ಲರ ಹಿತಕ್ಕೆ ಅಗತ್ಯ.

ರಾಮ್ಸರ್ ಪಟ್ಟಿಗೆ ಸೇರಿದ ಮಾತ್ರಕ್ಕೆ ಖಾಸಗಿ ಜಮೀನಿನ ಒಡೆತನವಾಗಲಿ ಮೀನುಗಾರರ ಸಾಂಪ್ರದಾಯಿಕ ಬಳಕೆಯಾಗಲಿ ಇಲ್ಲವಾಗುವುದಿಲ್ಲ. ‘ವಿವೇಕಯುತ ಬಳಕೆ’ ಎಂಬುದು ಆ ಒಡಂಬಡಿಕೆಯ ಮೂಲ ತತ್ತ್ವ.

6. ಹಿಂದೆ ಸರಿಯುವ ಜಾಗದ ಪ್ರಶ್ನೆ

ಏರುವ ಸಮುದ್ರಕ್ಕೆ ಪ್ರತಿಯಾಗಿ ಜೌಗು ನೆಲಕ್ಕೆ ಇರುವ ಇನ್ನೊಂದು ದಾರಿ ಒಳನಾಡಿನ ಕಡೆಗೆ ಸರಿಯುವುದು. ಸಮುದ್ರದ ಅಂಚಿನಲ್ಲಿ ಕಳೆದುಕೊಂಡ ನೆಲವನ್ನು ಅದು ಹಿಂಭಾಗದ ತಗ್ಗು ಭೂಮಿಯಲ್ಲಿ ಮರಳಿ ಪಡೆಯುತ್ತದೆ. ಹಿಂಭಾಗದಲ್ಲಿ ಕಲ್ಲಿನ ಗೋಡೆ, ಮಣ್ಣು ತುಂಬಿದ ನಿವೇಶನ ಅಥವಾ ರಸ್ತೆಯ ಏರಿ ಬಂದಲ್ಲಿ ಈ ದಾರಿ ಮುಚ್ಚುತ್ತದೆ. ಜೌಗು ನೆಲವು ಏರುವ ನೀರು ಮತ್ತು ಕದಲದ ಗೋಡೆಯ ನಡುವೆ ಕಿರಿದಾಗುತ್ತ ಹೋಗುತ್ತದೆ. ಅಘನಾಶಿನಿಯನ್ನು ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲುಮಾರ್ಗ ಈಗಾಗಲೇ ಹಾಯ್ದು ಹೋಗಿವೆ. ಘಟ್ಟವು ಸಮುದ್ರಕ್ಕೆ ಹತ್ತಿರವಿರುವ ಈ ಜಿಲ್ಲೆಯಲ್ಲಿ ಸಮತಟ್ಟಾದ ತಗ್ಗು ಭೂಮಿಯೇ ಕಡಿಮೆ.

ದೇಶದ ಅರಣ್ಯ ಸ್ಥಿತಿ ವರದಿಯಂತೆ ಕರ್ನಾಟಕದ ಕಾಂಡ್ಲಾ ಹೊದಿಕೆಯು 2019ರಲ್ಲಿ 10 ಚದರ ಕಿಲೋಮೀಟರ್, 2021ರಲ್ಲಿ 13 ಚದರ ಕಿಲೋಮೀಟರ್. ಕೇಂದ್ರ ಸರ್ಕಾರವು 2023ರ ಜೂನ್ 5ರಂದು ಆರಂಭಿಸಿದ ‘ಮಿಷ್ಟಿ’ ಕಾರ್ಯಕ್ರಮವು ಕರಾವಳಿ ರಾಜ್ಯಗಳಲ್ಲಿ ಕಾಂಡ್ಲಾ ಬೆಳೆಸುವ ಗುರಿ ಹೊಂದಿದೆ. ಗಿಡ ನೆಡುವುದು ಸ್ವಾಗತಾರ್ಹ. ಆದರೆ ಹೂಳು, ಸಿಹಿನೀರು ಮತ್ತು ಜಾಗ ಇವು ಮೂರೂ ಇರುವ ಕಡೆ ಮಾತ್ರ ನೆಟ್ಟ ಗಿಡ ಕಾಡಾಗುತ್ತದೆ. ಅಂತಹ ಕಡೆ ನೆಡದೆಯೂ ಕಾಂಡ್ಲಾ ಬರುತ್ತದೆ ಎಂಬುದಕ್ಕೆ ಪಾಳುಬಿದ್ದ ಗಜನಿಗಳೇ ಸಾಕ್ಷಿ.

7. ಅರ್ಜಿದಾರರ ಗಮನಕ್ಕೆ

1. ಅರ್ಜಿ ಸಲ್ಲಿಸುವ ಮೊದಲು ತಮ್ಮ ಸರ್ವೆ ನಂಬರು ಅನುಮೋದಿತ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕಾಶೆಯಲ್ಲಿ ಯಾವ ವರ್ಗದಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಪಹಣಿಯ ವಿವರವೊಂದೇ ಸಾಲದು.

2. ವಲಯದ ನಿಯಮಗಳಿಗೆ ಒಳಪಟ್ಟು, ಸ್ವಂತ ವಾಸದ 300 ಚದರ ಮೀಟರ್‌ವರೆಗಿನ ಕಟ್ಟಡಗಳಿಗೆ ಸ್ಥಳೀಯ ಸಂಸ್ಥೆಯೇ ಅನುಮೋದನೆ ನೀಡಬಹುದು. ಇದಕ್ಕೆ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಶಿಫಾರಸು ಅಗತ್ಯವಿಲ್ಲ. ಆದರೆ ಅಭಿವೃದ್ಧಿ ನಿಷೇಧಿತ ವಲಯದಲ್ಲಿ ಅಧಿಕೃತವಾಗಿ ಈಗಾಗಲೇ ಇರುವ ಮನೆಯ ದುರಸ್ತಿ ಅಥವಾ ಹಿಂದಿನ ಅಳತೆಯನ್ನು ಮೀರದ ಪುನರ್ನಿರ್ಮಾಣಕ್ಕೆ ಮಾತ್ರ ಅವಕಾಶವಿದೆ.

3. ಒಡ್ಡು ದುರಸ್ತಿಯ ಕೋರಿಕೆಯನ್ನು ಬಿಡಿಬಿಡಿಯಾಗಿ ಸಲ್ಲಿಸುವ ಬದಲು ಗಜನಿಯ ಎಲ್ಲ ಹಿಡುವಳಿದಾರರೂ ಜಂಟಿಯಾಗಿ ಸಲ್ಲಿಸುವುದು ಸೂಕ್ತ. ಒಡ್ಡು ಕಟ್ಟಿದ ಕಾಲವನ್ನು ತೋರಿಸುವ ಹಳೆಯ ದಾಖಲೆಗಳಿದ್ದಲ್ಲಿ ಲಗತ್ತಿಸುವುದು. ತೂಬಿನ ಸ್ಥಳ ಹಾಗೂ ಅದನ್ನು ತೆರೆಯುವ ಮತ್ತು ಮುಚ್ಚುವ ತಿಂಗಳುಗಳನ್ನು ನಮೂದಿಸುವುದು.

4. ಕಾಂಡ್ಲಾ ಗಿಡಗಳನ್ನು ಕಡಿದು ಅಥವಾ ಮಣ್ಣು ತುಂಬಿ ಅನಂತರ ಅನುಮತಿ ಕೋರುವುದು ಸಲ್ಲದು. ಇಂತಹ ಕೃತ್ಯವು ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ ಕ್ರಮಕ್ಕೆ ಗುರಿಯಾಗಬಹುದು.

5. ಸಿಗಡಿ ಅಥವಾ ಇತರ ಕರಾವಳಿ ಜಲಕೃಷಿ ಕೈಗೊಳ್ಳುವವರು 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಅಧಿನಿಯಮ ಮತ್ತು ಅದರ 2023ರ ತಿದ್ದುಪಡಿಯಂತೆ ನೋಂದಣಿ ಮಾಡಿಸಿಕೊಳ್ಳತಕ್ಕದ್ದು.

ಸಮಾರೋಪ

ಅಘನಾಶಿನಿಯ ಜೌಗು ನೆಲವು ಏರುತ್ತಿರುವ ಸಮುದ್ರದೊಡನೆ ತಾನೂ ಏರಬಲ್ಲ ನೆಲವಾಗಿ ಇಂದಿಗೂ ಉಳಿದಿದೆ. ನದಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದೂ ಗಜನಿಯ ತೂಬುಗಳು ಋತುವಿಗೆ ತಕ್ಕಂತೆ ತೆರೆದು ಮುಚ್ಚುತ್ತ ಬಂದಿರುವುದೂ ಇದಕ್ಕೆ ನೆರವಾಗಿವೆ. ಒಂದು ನಿವೇಶನಕ್ಕೆ ತುಂಬುವ ಮಣ್ಣು, ಒಂದು ಒಡ್ಡಿನಲ್ಲಿ ಮುಚ್ಚಿಬಿಡುವ ತೂಬು, ನದಿಯ ಮೇಲ್ಭಾಗದಲ್ಲಿ ತಿರುಗಿಸುವ ನೀರು ಇವು ಬಿಡಿಯಾಗಿ ಸಣ್ಣವೆನಿಸಬಹುದು. ಕೂಡಿದಾಗ ನೆಲದ ಈ ಶಕ್ತಿಯನ್ನು ಕುಗ್ಗಿಸುತ್ತವೆ. ಪ್ರತಿಯೊಂದು ಅರ್ಜಿಯಲ್ಲಿ ಉಬ್ಬರ ರೇಖೆಯ ದೂರವನ್ನು ಕೇಳುವುದರ ಹಿಂದಿನ ಕಾರಣ ಇದೇ ಆಗಿದೆ.

ಈ ಲೇಖನವು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಯಾವುದೇ ಪ್ರಕರಣದಲ್ಲಿ ಅಧಿಸೂಚನೆಯ ಮೂಲ ಪಾಠ, ತಿದ್ದುಪಡಿಗಳು ಮತ್ತು ಅನುಮೋದಿತ ನಕಾಶೆಗಳೇ ಅಂತಿಮ. ಹೆಚ್ಚಿನ ವಿವರಗಳಿಗೆ ಸಂಬಂಧಿಸಿದ ಗ್ರಾಮ ಪಂಚಾಯಿತಿ, ಪ್ರಾದೇಶಿಕ ನಿರ್ದೇಶಕರು (ಪರಿಸರ) ಅವರ ಕಚೇರಿ ಅಥವಾ ಜಿಲ್ಲಾ ಕರಾವಳಿ ವಲಯ ನಿರ್ವಹಣಾ ಸಮಿತಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.